ಬೇಡ ಎಂದವರ ವಿಳಾಸ

ಮೆಟ್ಟಿಲ ಮೇಲಿಂದ ನೀರು ಇಳಿದು ಬರುತ್ತಿತ್ತು.

ಬೆಳಿಗ್ಗೆ ಷಟರ್ ಎತ್ತಿದ ಲಾಂಡ್ರಿ ಮಾಲೀಕನಿಗೆ ಮೊದಲು ಕಂಡದ್ದು ಅದೇ. ಇಸ್ತ್ರಿ ಮುಗಿಸಿ ಕಟ್ಟಿಟ್ಟಿದ್ದ ಲಾಡ್ಜಿನ ಹೊದಿಕೆಗಳ ಗಂಟು ಒಂದು ಮಗ್ಗುಲು ಪೂರ್ತಿ ನೆನೆದು ತೊಪ್ಪೆಯಾಗಿತ್ತು. ಮತ್ತೆ ಒಗೆಯಬೇಕು, ಮತ್ತೆ ಇಸ್ತ್ರಿ ಹಾಕಬೇಕು. ಆತ ಬಾಯಿಗೆ ಬಂದಂತೆ ಬೈಯುತ್ತ ಮೆಟ್ಟಿಲು ಹತ್ತಿದ. ಒಂದನೇ ಮಹಡಿ ದಾಟಿದ. ಎರಡನೇ ಮಹಡಿ ದಾಟಿದ. ತಾರಸಿಗೆ ಬಂದ.

ನಲ್ಲಿ ಧೋ ಎಂದು ಸುರಿಯುತ್ತಿತ್ತು. ಬಕೆಟ್ ಉರುಳಿತ್ತು. ಬಕೆಟ್ಟಿನ ಆಚೆ ಬಟನ್ ಅಕ್ಕ ಬಿದ್ದಿದ್ದಳು. ಹರಿಯುವ ನೀರು ಅವಳ ತಲೆಯ ಹತ್ತಿರ ಮಾತ್ರ ಕೆಂಪಗಿತ್ತು. ಮಾಲೀಕ ಬೈಗುಳ ಮರೆತು ಓಡಿಹೋಗಿ ಅವಳ ಮೂಗಿನ ಬಳಿ ಬೆರಳು ಹಿಡಿದ.

ಬಟನ್ ಅಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಲಾಂಡ್ರಿಗೆ ಬರುವ ಅಂಗಿಗಳಲ್ಲಿ ಗುಂಡಿ ಉದುರಿದ್ದರೆ ಕೇಳದೆಯೇ ಹೊಲಿದು ಕೊಡುತ್ತಿದ್ದಳು. ಅದಕ್ಕೆ ಆ ಹೆಸರು. ತನ್ನ ನಿಜವಾದ ಹೆಸರನ್ನು ಯಾರೂ ಕೂಗಬಾರದು ಎಂದು ಕೆಲಸಕ್ಕೆ ಸೇರಿದ ದಿನವೇ ಅವಳು ಕೇಳಿಕೊಂಡಿದ್ದಳು. ಯಾಕೆ ಎಂದು ಮಾಲೀಕ ಕೇಳಿರಲಿಲ್ಲ. ಅವಳ ಕತ್ತಿನ ಮೇಲಿನ ಹಳೆಯ ಕಲೆ ನೋಡಿದವರು ಯಾರೂ ಕೇಳುತ್ತಿರಲಿಲ್ಲ.

ಉಸಿರಿತ್ತು. ಆಂಬುಲೆನ್ಸ್ ಬಂತು. ಹಿಂದೆಯೇ ಪೊಲೀಸ್ ಜೀಪೂ ಬಂತು.

ಜೀಪಿನಿಂದ ಇಳಿದ ಇನ್ಸ್‌ಪೆಕ್ಟರಮ್ಮನಿಗೆ ಹಿಮ್ಮಡಿ ನೋವು. ಸರ್ವೀಸಿಡೀ ನಿಂತೂ ನಡೆದೂ ಬಂದ ನೋವು ಅದು. ಮೂರು ಮಾಳಿಗೆಯ ಮೆಟ್ಟಿಲು ನೋಡಿ ಆಕೆ ಒಂದು ನಿಟ್ಟುಸಿರು ಬಿಟ್ಟರು. ಆಗಲೇ ಅವರ ಫೋನ್ ಹೊಡೆದುಕೊಂಡಿತು. ಹಿಮ್ಮಡಿ ನೋವಿಗೆ ವಿಶೇಷ ಚಪ್ಪಲಿ ಬಂದಿದೆ, ಇವತ್ತೇ ಕೊಂಡರೆ ರಿಯಾಯಿತಿ ಎಂದು ಒಂದು ಹೆಣ್ಣುದನಿ ಉಲಿಯಿತು. ನನಗೆ ಹಿಮ್ಮಡಿ ನೋವು ಅಂತ ನಿಮಗ್ಯಾರು ಹೇಳಿದ್ದು ಎಂದು ಕೇಳುವಷ್ಟು ಹುರುಪೂ ಆಕೆಯಲ್ಲಿ ಉಳಿದಿರಲಿಲ್ಲ. ಫೋನ್ ಆರಿಸಿ ಮೆಟ್ಟಿಲು ಹತ್ತಿದರು.

ಹಿಂದಿನಿಂದ ಹೆಡ್ ಕಾನ್‌ಸ್ಟೇಬಲ್ ಬಂದರು. ಠಾಣೆಯಲ್ಲಿ ಅವರನ್ನು ಕರೆಯುವುದು ರೇಡಿಯೋ ಎಂದು. ರೇಡಿಯೋಗಾದರೂ ಆರಿಸುವ ಗುಂಡಿ ಇರುತ್ತದೆ, ಇವರಿಗೆ ಅದೂ ಇರಲಿಲ್ಲ.

* * *

ಹೊಡೆದವನನ್ನು ಹಿಡಿಯುವುದಕ್ಕೆ ಪತ್ತೇದಾರಿಕೆಯೇ ಬೇಕಾಗಲಿಲ್ಲ. ಮಧ್ಯಾಹ್ನದೊಳಗೆ ಬಸ್ ನಿಲ್ದಾಣದಲ್ಲಿ ಸಿಕ್ಕಿಬಿದ್ದ. ಕೆನ್ನೆಯ ಮೇಲೆ ಉಗುರಿನ ಗೀರು, ಅಂಗಿಯ ತೋಳಿನ ಮೇಲೆ ರಕ್ತ. ಬಟನ್ ಅಕ್ಕನ ಗಂಡ. ಹೆಂಡತಿಯ ಹತ್ತಿರ ಸುಳಿಯಬಾರದು ಎಂದು ಕೋರ್ಟು ಅವನಿಗೆ ಆದೇಶ ಕೊಟ್ಟಿತ್ತು. ಆದೇಶ ಹೊರಬಿದ್ದ ವಾರವೇ ಅವಳು ಊರು ಬಿಟ್ಟು, ಫೋನ್ ನಂಬರ್ ಬದಲಾಯಿಸಿ, ತಾಯಿಗೆ ಬಿಟ್ಟು ಇನ್ಯಾರಿಗೂ ಹೇಳದೆ ಈ ಲಾಂಡ್ರಿಯ ತಾರಸಿಯ ಒಂಟಿ ಕೋಣೆಗೆ ಬಂದು ಸೇರಿಕೊಂಡಿದ್ದಳು.

ಹಾಗಾದರೆ ಇವನಿಗೆ ವಿಳಾಸ ಕೊಟ್ಟವರು ಯಾರು? ಪ್ರಶ್ನೆ ಇದ್ದದ್ದು ಅಷ್ಟೇ.

ಠಾಣೆಯಲ್ಲಿ ಗಂಡ ಕುರ್ಚಿಗೆ ಒರಗಿ ಕೂತಿದ್ದ. ಪಶ್ಚಾತ್ತಾಪ ಇರಲಿ, ಸುಸ್ತು ಕೂಡ ಅವನ ಮುಖದಲ್ಲಿ ಇರಲಿಲ್ಲ.

"ವಿಳಾಸ ಯಾರು ಕೊಟ್ರು?" ಎಂದು ಇನ್ಸ್‌ಪೆಕ್ಟರಮ್ಮ ಕೇಳಿದರು.

"ಇನ್ಯಾರು? ನಮ್ಮತ್ತೇನೇ ಹೇಳಿದ್ದು."

ಹೇಳಿ ಸಣ್ಣಗೆ ನಕ್ಕ. ಅದು ಆಕೆಗೆ ಹಿಡಿಸಲಿಲ್ಲ. ಸಿಕ್ಕಿಬಿದ್ದವನು ಕೇಳಿದ ತಕ್ಷಣ ಬಾಯಿಬಿಟ್ಟರೆ ಕೇಳಿದವರೇ ಎಚ್ಚರವಾಗಿರಬೇಕು.

ಇಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಆಸ್ಪತ್ರೆಗೆ ಕಾವಲಿಗೆ ಹೋದ ರೇಡಿಯೋ, ಎಚ್ಚರವಾಗಿದ್ದ ಬಟನ್ ಅಕ್ಕನಿಗೆ ಸಮಾಧಾನ ಹೇಳಲು ಹೋಗಿ ಗಂಡನ ಹೇಳಿಕೆಯನ್ನೂ ಒದರಿಬಿಟ್ಟಿದ್ದರು. ಅವಳ ಎಡಗೈ ಮುರಿದಿತ್ತು, ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಎರಡು ದಿನ ಬಿಟ್ಟು ಆಪರೇಷನ್. ಅದಾದಮೇಲೆ ಮತ್ತೆ ಕಣ್ಣು ತೆರೆಯುತ್ತಾಳೋ ಇಲ್ಲವೋ ಎಂಬುದಕ್ಕೆ ವೈದ್ಯರು ಖಾತರಿ ಕೊಟ್ಟಿರಲಿಲ್ಲ. ಆಪರೇಷನ್ ಕಾಗದಕ್ಕೆ ಹತ್ತಿರದ ಸಂಬಂಧಿಕರ ಹೆಸರು ಕೇಳಿದ ನರ್ಸಿಗೆ ಅವಳು ಯಾರೂ ಇಲ್ಲ ಎಂದು ಬರೆಸಿದಳು. ಸುದ್ದಿ ಕೇಳಿ ಊರಿಂದ ಓಡಿಬಂದು ಬಾಗಿಲಲ್ಲಿ ನಿಂತಿದ್ದ ತಾಯಿಗೆ ಅದು ಕೇಳಿಸಿತು. ಅಮ್ಮ ಒಳಗೆ ಬರುವುದು ಬೇಡ ಎಂದಳು ಮಗಳು. ತಾಯಿ ವರಾಂಡದ ಬೆಂಚಿನ ಮೇಲೆ ಕೂತವರು ಅಲ್ಲಿಂದ ಎದ್ದಿರಲಿಲ್ಲ.

ಇನ್ಸ್‌ಪೆಕ್ಟರಮ್ಮ ಹೋಗಿ ಆ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ತಾಯಿ ಏನನ್ನೂ ಮುಚ್ಚಿಡಲಿಲ್ಲ. ಅಳಿಯ ಫೋನ್ ಮಾಡುತ್ತಿದ್ದದ್ದು ನಿಜ. ಮೊದಮೊದಲು ಹೆದರಿಸುತ್ತಿದ್ದ, ಆಮೇಲಾಮೇಲೆ ಅಳುತ್ತಿದ್ದ. ಚೆನ್ನಾಗಿದ್ದಾಳೆ, ಅವಳ ಪಾಡಿಗೆ ಅವಳನ್ನ ಬಿಟ್ಟುಬಿಡು ಎಂದು ಒಮ್ಮೆ ಹೇಳಿದ್ದರಂತೆ. ಅದಕ್ಕಿಂತ ಹೆಚ್ಚು ಏನಾದರೂ ಹೇಳಿದ್ದೆನೋ ಎಂದು ಆಕೆ ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು.

"ನೆನಪಿಗೆ ಬರ್ತಾ ಇಲ್ಲ ತಾಯಿ. ವಯಸ್ಸಾಯ್ತು, ಬಾಯಿ ಜಾರಿರಬೋದು. ನಾನೇ ಕೊಂದೆನೇನೋ ಮಗಳನ್ನ."

ಇನ್ಸ್‌ಪೆಕ್ಟರಮ್ಮನಿಗೆ ರೇಡಿಯೋ ಮೇಲೆ ಎಂಥ ಸಿಟ್ಟು ಬಂತೆಂದರೆ ಬೈಯಲೂ ಆಗಲಿಲ್ಲ. ಜೀಪು ತೆಗೆಯಿರಿ ಎಂದಷ್ಟೇ ಹೇಳಿದರು. ರೇಡಿಯೋ ಅಪರೂಪಕ್ಕೆ ಬಾಯಿಮುಚ್ಚಿಕೊಂಡು ತೆಗೆದರು.

* * *

ಗಂಡನ ಫೋನಿನಲ್ಲಿ ಒಂದೇ ನಂಬರಿಗೆ ಮೇಲಿಂದ ಮೇಲೆ ಕರೆ ಹೋಗಿತ್ತು. ಸಾಲ ಕೊಡುವವರು ಎಂದಿದ್ದ. ನಂಬರು ಹಿಡಿದು ಹೋದರೆ ಸಿಕ್ಕಿದ್ದು ಒಂದು ಪತ್ತೆ ಏಜೆನ್ಸಿ.

ಟೈರ್ ಅಂಗಡಿಗಳ ಬೀದಿ ಅದು. ಎರಡೂ ಬದಿ ಕರೀ ಟೈರುಗಳ ರಾಶಿ, ಉಸಿರಾಡಿದರೆ ಮೂಗಿನ ತುಂಬ ರಬ್ಬರ್ ವಾಸನೆ. ಕಿರಿದಾದ ಮೆಟ್ಟಿಲು ಹತ್ತಿದರೆ ಮೇಲೆ ಉದ್ದನೆಯ ಒಂದು ಹಾಲು. ಬಾಗಿಲ ಪಕ್ಕ ಗಾಜಿನ ತೊಟ್ಟಿ, ಅದರಲ್ಲಿ ಬಾಲ ಹರಿದ ಒಂಟಿ ಮೀನು. ಸಾಲಾಗಿ ಮೇಜು ಹಾಕಿ ಹತ್ತಾರು ಹುಡುಗಿಯರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮಾತಾಡುತ್ತಿದ್ದರು. ಬಾಗಿಲಿಗೆ ಹತ್ತಿರ ಕೂತಿದ್ದ ಹುಡುಗಿ, ನಿಮ್ಮ ಹಕ್ಕನ್ನು ನಾವು ಗೌರವಿಸುತ್ತೇವೆ ಎಂದು ಯಾರಿಗೋ ಹೇಳುತ್ತಿದ್ದವಳು ಪೊಲೀಸ್ ಬಟ್ಟೆ ಕಂಡು ಗಪ್ಪನೆ ನಿಲ್ಲಿಸಿದಳು.

ಏಜೆನ್ಸಿಯವನು ಎದ್ದು ಬಂದ. ಬಿಳಿ ಸಫಾರಿ, ಬಾಯಿ ತುಂಬ ವಿನಯ. ತನ್ನ ಕೆಲಸವನ್ನು ಅವನು ಬಚ್ಚಿಡಲಿಲ್ಲ. ಸಾಲ ತೀರಿಸದೆ ಓಡಿಹೋದವರನ್ನು ಹುಡುಕುವುದು, ಮನೆ ಬಿಟ್ಟವರನ್ನು ಹುಡುಕುವುದು. ಆ ಗಂಡ ಬಂದದ್ದು ಹೌದು. ಹೆಂಡತಿ ಕಾಣೆಯಾಗಿದ್ದಾಳೆ ಎಂದು ಫೋಟೋ ಕೊಟ್ಟದ್ದೂ ಹೌದು. ಆದರೆ ಸಿಗಲಿಲ್ಲ.

"ಅಂಗಡಿಗಳೋರು ಮಾರೋ ಗಿರಾಕಿಗಳ ಪಟ್ಟಿ ಎಲ್ಲಾ ಜಾಲಾಡಿದ್ವಿ ಮೇಡಂ. ಆಯಮ್ಮ ಎಲ್ಲೂ ಇಲ್ಲ. ಬೇಕಾದ್ರೆ ನೀವೇ ನೋಡಿ."

ನೋಡಿದರು. ಅವನು ಹೇಳಿದ್ದು ನಿಜವೇ ಆಗಿತ್ತು. ಯಾವ ಪಟ್ಟಿಯಲ್ಲೂ ಅವಳು ಇರಲಿಲ್ಲ. ಕಡೆಗೆ ಅವರ ಅತ್ತೇನೇ ಹೇಳಿದರು ಅಂತ ಕೇಳಿದೆ ಎಂದು ಅವನು ಮರುಕದಿಂದ ತಲೆಯಾಡಿಸಿದ.

ಮೆಟ್ಟಿಲಿಳಿಯುವಾಗ ಇನ್ಸ್‌ಪೆಕ್ಟರಮ್ಮನ ತಲೆಯಲ್ಲಿ ಎರಡು ಮುಳ್ಳು ಚುಚ್ಚುತ್ತಿದ್ದವು. ಗಂಡ ಹೇಳಿದ ಮಾತನ್ನೇ ಇವನೂ ಹೇಳಿದ. ಗಂಡ ಅದನ್ನು ಹೇಳಿ ಇನ್ನೂ ಒಂದು ದಿನ ಆಗಿರಲಿಲ್ಲ, ಹೇಳಿದ್ದು ಠಾಣೆಯ ಒಳಗೆ. ಎರಡನೆಯದು, ಓಡಿಹೋದವರನ್ನು ಬೆನ್ನಟ್ಟಿ ಹಿಡಿಯುವ ಕಚೇರಿಯಲ್ಲಿ ಯಾರ ಹಕ್ಕನ್ನು ಯಾರು ಗೌರವಿಸುತ್ತಿದ್ದರು?

* * *

ತಿರುಗಿ ಲಾಂಡ್ರಿಗೆ ಬಂದರು. ಎರಡನೇ ಮಹಡಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ನಿನ್ನೆಯಿಂದ ಅನ್ನ ಮುಟ್ಟಿರಲಿಲ್ಲವಂತೆ. ಪೊಲೀಸರನ್ನು ಕಂಡದ್ದೇ ತಪ್ಪೊಪ್ಪಿಗೆ ಶುರು ಮಾಡಿದರು. ಆ ಗಂಡನಿಗೆ ತಾರಸಿಯ ದಾರಿ ತೋರಿಸಿದವರು ಅವರೇ. ಬೆಳ್ಳಂಬೆಳಿಗ್ಗೆ ಹಿಂಬಾಗಿಲು ತಟ್ಟಿದ. ಕೊರಿಯರ್ ಎಂದ. ಯಾವುದೋ ಹೆಂಗಸಿನ ಹೆಸರು ಹೇಳಿದ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದರೂ ಅವನು ಕದಲಲಿಲ್ಲ.

"ಎರಡನೇ ಮಹಡಿ, ಹಿಂಭಾಗ ಅಂತಾನೇ ಇದೆಯಲ್ರೀ ಅಂತ ನನ್ನ ಮೇಲೇ ರೇಗಿದ. ಈ ಕಟ್ಟಡದಲ್ಲಿ ಹೆಂಗಸು ಅಂದ್ರೆ ಮೇಲಿರೋ ಬಟನ್ ಅಕ್ಕ ಒಬ್ಬಳೇ ಅಂದುಬಿಟ್ಟೆ. ನನ್ನ ನಾಲಿಗೆಗೆ ಬೆಂಕಿ ಬೀಳಾ."

ಮೇಷ್ಟ್ರು ಅತ್ತುಬಿಟ್ಟರು. ಇನ್ಸ್‌ಪೆಕ್ಟರಮ್ಮ ಅವರನ್ನು ಸಮಾಧಾನ ಮಾಡಬೇಕಿತ್ತು. ಆದರೆ ಆಕೆಯ ಕಿವಿ ನೆಟ್ಟಗಾಗಿತ್ತು. ಎರಡನೇ ಮಹಡಿ, ಹಿಂಭಾಗ ಎಂದನೆ? ತಾರಸಿ ಎನ್ನಲಿಲ್ಲವೆ? ಮೇಷ್ಟ್ರು ಆಣೆ ಮಾಡಿ ಹೇಳಿದರು. ತಾರಸಿ ಎನ್ನಲಿಲ್ಲ.

ಬಟನ್ ಅಕ್ಕನ ತಾಯಿ ಈ ಮನೆಗೆ ಒಮ್ಮೆ ಬಂದಿದ್ದರು. ಮಂಡಿನೋವಿನ ಮುದುಕಿ, ಒಂದೊಂದು ಮೆಟ್ಟಿಲಿಗೂ ಉಸ್ಸಪ್ಪಾ ಎನ್ನುತ್ತ ತಾರಸಿಯವರೆಗೂ ಹತ್ತಿ, ಮಗಳೇ ಇದೇನು ಮನೆಯೋ ಗೋಪುರವೋ ಎಂದು ಗೊಣಗಿದ್ದನ್ನು ಲಾಂಡ್ರಿಯವರೆಲ್ಲ ಕೇಳಿ ನಕ್ಕಿದ್ದರು. ಅಂಥವರು ಬಾಯಿ ಜಾರಿದರೂ ತಾರಸಿ ಎಂದೇ ಜಾರುತ್ತದೆ. ಲಾಂಡ್ರಿ ಮಾಲೀಕ ಹೇಳಿದ್ದರೂ ತಾರಸಿ ಎಂದೇ ಹೇಳುತ್ತಿದ್ದ. ಅವಳಿಗೆ ಬರುವ ಸಾಮಾನು, ಕಾಗದ ಎಲ್ಲವೂ ಕೆಳಗಿನ ಲಾಂಡ್ರಿಯ ವಿಳಾಸಕ್ಕೇ ಬರುತ್ತಿದ್ದದ್ದರಿಂದ ತಂದುಕೊಡುವವರಿಗೆ ಮೇಲಿನದ್ದೇನೂ ಗೊತ್ತಿರಲಿಲ್ಲ. ಅಂದರೆ ವಿಳಾಸ ಕೊಟ್ಟವರು ಈ ಮನೆಯನ್ನು ಕಣ್ಣಲ್ಲಿ ಕಂಡವರೇ ಅಲ್ಲ. ಎಲ್ಲೋ ಓದಿದವರು.

"ಎರಡನೇ ಮಹಡಿಯ ಹಿಂಭಾಗದಲ್ಲಿ ಅವಳಿದ್ದಾಳೆ ಅಂತ ಎಲ್ಲಿ ಬರೆದಿದೆ ರೇಡಿಯೋ?"

ಲಾಂಡ್ರಿ ಮಾಲೀಕನೇ ತಲೆ ಕೆರೆದುಕೊಳ್ಳುತ್ತ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನ ಹತ್ತಿರ ಕರೆದೊಯ್ದ. ಹಿಂದೆ ಎರಡನೇ ಮಹಡಿಯಲ್ಲಿ ಮುಂದೊಂದು, ಹಿಂದೊಂದು ಬಾಡಿಗೆ ಮನೆ ಇದ್ದವಂತೆ. ಈಗ ಎರಡೂ ಮೇಷ್ಟ್ರದ್ದೇ. ಹಿಂಬದಿಯ ಮೀಟರು ಸುಮ್ಮನೆ ಬಿದ್ದಿತ್ತು. ಅದರ ತಂತಿಯನ್ನೇ ತಾರಸಿಗೆ ಎಳೆದು, ಬಿಲ್ಲಿನ ತಕರಾರು ತನಗೆ ಬೇಡವೆಂದು ಬಟನ್ ಅಕ್ಕನ ನಿಜವಾದ ಹೆಸರಿಗೇ ಮಾಡಿಸಿಬಿಟ್ಟಿದ್ದ. ತಾರಸಿಯ ಕೋಣೆಯ ವಿಚಾರ ವಿದ್ಯುತ್ ಇಲಾಖೆಗೆ ಗೊತ್ತೇ ಇಲ್ಲ. ಅವರ ಪಾಲಿಗೆ ಬಟನ್ ಅಕ್ಕ ಎರಡನೇ ಮಹಡಿಯ ಹಿಂಭಾಗದಲ್ಲಿದ್ದಾಳೆ.

ಅದನ್ನು ಹೇಳುವುದು ಲೋಕದಲ್ಲಿ ಒಂದೇ ವಸ್ತು. ಅವಳ ಕರೆಂಟ್ ಬಿಲ್ಲು.

* * *

ಆಸ್ಪತ್ರೆಯ ವಾರ್ಡಿನಲ್ಲಿ ಬಟನ್ ಅಕ್ಕ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಕರೆಂಟ್ ಬಿಲ್ಲನ್ನು ಯಾರಿಗಾದರೂ ಕೊಟ್ಟಿದ್ದೆಯಾ ಎಂದು ಇನ್ಸ್‌ಪೆಕ್ಟರಮ್ಮ ಕೇಳಿದರು. ಅವಳು ನಿಧಾನವಾಗಿ ಇತ್ತ ತಿರುಗಿದಳು.

"ಒಂದೇ ಒಂದು ಕಡೆ. ನನ್ನ ವಿವರ ಮಾರಬೇಡಿ ಅಂತ ಹೇಳೋದಕ್ಕೆ."

ತಡೆದು ತಡೆದು ಅವಳು ಹೇಳಿದ್ದು ಇಷ್ಟು. ಬೀದಿಯ ಮೂಲೆಯ ಸೂಪರ್ ಮಾರ್ಕೆಟ್ಟಿನಲ್ಲಿ ಸದಸ್ಯರ ಕಾರ್ಡು ಇಲ್ಲದಿದ್ದರೆ ಪ್ರತಿಯೊಂದಕ್ಕೂ ಹೆಚ್ಚು ತೆರಬೇಕು. ಒಲ್ಲದ ಮನಸ್ಸಿನಿಂದ ಕಾರ್ಡು ಮಾಡಿಸಿದ್ದಳು, ಲಾಂಡ್ರಿಯ ವಿಳಾಸ ಕೊಟ್ಟು. ಅಲ್ಲಿಂದ ಕರೆಗಳು ಶುರುವಾದವು. ವಿಮೆ ಬೇಕಾ, ಸೈಟು ಬೇಕಾ, ಮುಖದ ಕಲೆಗೆ ಮುಲಾಮು ಬೇಕಾ. ಫೋನ್ ಹೊಡೆದುಕೊಂಡಾಗಲೆಲ್ಲ ಅವನೇ ಇರಬಹುದೆಂದು ಎದೆ ಧಸಕ್ಕೆನ್ನುತ್ತಿತ್ತು. ಅಂಗಡಿಯವರು ಗಿರಾಕಿಗಳ ವಿವರಗಳನ್ನು ಮಾರುತ್ತಾರೆ, ಮಾರಬೇಡಿ ಎಂದು ಹೇಳುವ ಹಕ್ಕು ಗಿರಾಕಿಗೆ ಇದೆ, ಹಾಗೆ ಹೇಳಿದರೆ ಅವರು ಕೇಳಲೇಬೇಕು ಎಂದು ಯಾರೋ ತಿಳಿಸಿದರು. ಕೋರಿಕೆ ಕಳಿಸಿದಳು. ಉತ್ತರ ಬಂತು. ತಮ್ಮ ಹಕ್ಕನ್ನು ಗೌರವಿಸುತ್ತೇವೆ, ಆದರೆ ಕೇಳುತ್ತಿರುವವರು ತಾವೇ ಎಂಬುದಕ್ಕೆ ಪುರಾವೆ ಬೇಕು, ಗುರುತಿನ ಚೀಟಿಯನ್ನೂ ಸದ್ಯ ವಾಸವಿರುವ ಮನೆಯ ವಿದ್ಯುತ್ ಬಿಲ್ಲನ್ನೂ ಕಳಿಸಿ. ಕಳಿಸಿದಳು.

ಇನ್ಸ್‌ಪೆಕ್ಟರಮ್ಮ ತಲೆ ತಗ್ಗಿಸಿ ಕೂತರು. ಅವಳ ನಿಜವಾದ ವಿಳಾಸ ಗೊತ್ತೇ ಇರದಿದ್ದ ಅಂಗಡಿಗೆ, ಮಾರಬೇಡಿ ಎಂದು ಹೇಳಲು ಹೋಗಿ ಅವಳೇ ಅದನ್ನು ಕೊಟ್ಟು ಬಂದಿದ್ದಳು. ಇದನ್ನು ಅವಳೆದುರು ಬಾಯಿಬಿಟ್ಟು ಹೇಳಲು ಆಕೆಗೆ ಮನಸ್ಸು ಬರಲಿಲ್ಲ. ಬಟನ್ ಅಕ್ಕ ಮತ್ತೆ ಗೋಡೆಯ ಕಡೆ ತಿರುಗಿಕೊಂಡಳು.

* * *

ಸೂಪರ್ ಮಾರ್ಕೆಟ್ಟಿನ ಕಚೇರಿ ಇದ್ದದ್ದು ಗೋದಾಮಿನ ಹಿಂದೆ. ಸೋಪಿನ ಪುಡಿಯ ಘಾಟಿಗೆ ರೇಡಿಯೋ ಸೀನುತ್ತಲೇ ಇದ್ದರು. ಗ್ರಾಹಕರ ಹಕ್ಕು ವಿಭಾಗದ ಮ್ಯಾನೇಜರ್ ಕುರ್ಚಿ ಒರೆಸಿ ಕೂರಿಸಿದ. ಬಟನ್ ಅಕ್ಕನ ಹೆಸರು ಹೇಳುತ್ತಲೇ ಕಂಪ್ಯೂಟರಿನಲ್ಲಿ ಹುಡುಕಿ ತೋರಿಸಿದ. ಕೋರಿಕೆ ಬಂದಿದೆ, ಒಪ್ಪಿದ್ದೇವೆ. ಆವತ್ತೇ ಆಯಮ್ಮನ ಹೆಸರನ್ನು ಎಲ್ಲ ಪಟ್ಟಿಗಳಿಂದಲೂ ತೆಗೆಸಿದ್ದೇವೆ, ಆಮೇಲೆ ವಿವರ ಒಂದಕ್ಷರವೂ ಹೊರಗೆ ಮಾರಾಟವಾಗಿಲ್ಲ. ಅದೂ ನಿಜವೇ ಆಗಿತ್ತು. ಈ ಕೇಸಿನಲ್ಲಿ ಎಲ್ಲರೂ ನಿಜವನ್ನೇ ಹೇಳುತ್ತಿದ್ದಾರೆ, ಹೆಂಗಸಿನ ತಲೆ ಮಾತ್ರ ಒಡೆದಿದೆ ಎಂದು ಇನ್ಸ್‌ಪೆಕ್ಟರಮ್ಮನಿಗೆ ರೋಸಿಹೋಯಿತು.

ಬಿಲ್ಲು ಎಲ್ಲಿದೆ ಎಂದು ಕೇಳಿದರು. ಬಿಲ್ಲು, ಗುರುತಿನ ಚೀಟಿಗಳ ಪರಿಶೀಲನೆಯನ್ನು ಹೊರಗಿನ ಸಂಸ್ಥೆಯೊಂದಕ್ಕೆ ವಹಿಸಿದ್ದೇವೆ ಎಂದ ಮ್ಯಾನೇಜರ್.

"ಅವರಿಗೆ ಎಷ್ಟು ಕೊಡ್ತೀರಿ?"

"ಏನೂ ತಗೊಳಲ್ಲ ಮೇಡಂ. ಸೇವೆ ಅಂತ ಮಾಡ್ಕೊಡ್ತಾರೆ."

ಇನ್ಸ್‌ಪೆಕ್ಟರಮ್ಮನಿಗೆ ನಗು ಬಂತು. ಆ ವಾರದಲ್ಲಿ ಮೊದಲ ಸಲ. ಸಾವಿರಾರು ಜನರ ಕಾಗದ ತೆರೆದು, ನೋಡಿ, ಫೋನ್ ಮಾಡಿ ವಿಚಾರಿಸುವ ಕೆಲಸ. ಪುಕ್ಕಟೆ. ತನ್ನ ಸ್ವಂತ ತಮ್ಮ ಕೂಡ ಹಬೆಯಾಡುವ ಕಾಫಿ ಕೊಡದೆ ಒಂದು ಬಲ್ಬು ಬದಲಾಯಿಸಿ ಕೊಡುವವನಲ್ಲ ಎಂದು ಆಕೆ ಯೋಚಿಸಿದರು. ವಿಳಾಸ ಬರೆಸಿಕೊಂಡು ಎದ್ದರು. ಮ್ಯಾನೇಜರ್ ಬಾಗಿಲವರೆಗೂ ಬಂದು ಬೀಳ್ಕೊಟ್ಟ. ಅವನ ಕೈ ಆಗಲೇ ಜೇಬಿನೊಳಗಿನ ಫೋನಿನ ಮೇಲಿತ್ತು.

ಪರಿಶೀಲನಾ ಸಂಸ್ಥೆ ಇದ್ದದ್ದು ಪುಸ್ತಕಗಳಿಗೆ ಬೈಂಡ್ ಹಾಕುವವರ ಬೀದಿಯಲ್ಲಿ. ಅಂಟಿನ ವಾಸನೆ, ಕಾಗದ ಕತ್ತರಿಸುವ ಯಂತ್ರದ ಸದ್ದು. ಹೊಳೆಯುವ ಬೋರ್ಡು, ಚೊಕ್ಕ ಮೆಟ್ಟಿಲು. ಇನ್ನೂ ಎಷ್ಟು ಮೆಟ್ಟಿಲು ಹತ್ತಿಸ್ತಾರೋ ಎಂದು ರೇಡಿಯೋ ಆಕೆಯ ಪರವಾಗಿ ಗೊಣಗಿದರು. ಮೇಲೆ ಗಾಜಿನ ಬಾಗಿಲು. ಇನ್ಸ್‌ಪೆಕ್ಟರಮ್ಮ ತಳ್ಳಿ ಒಳಗೆ ಕಾಲಿಟ್ಟರು.

ಉದ್ದನೆಯ ಹಾಲು. ಸಾಲು ಮೇಜುಗಳು, ಹೆಡ್‌ಫೋನಿನ ಹುಡುಗಿಯರು. ಹಾಲಿನ ಆ ತುದಿಯಲ್ಲಿ ಇನ್ನೊಂದು ಬಾಗಿಲು, ಅದರ ಪಕ್ಕ ಗಾಜಿನ ತೊಟ್ಟಿ, ತೊಟ್ಟಿಯಲ್ಲಿ ಬಾಲ ಹರಿದ ಒಂಟಿ ಮೀನು. ಆ ಬಾಗಿಲಿನಿಂದ ರಬ್ಬರ್ ವಾಸನೆ ತೇಲಿ ಬರುತ್ತಿತ್ತು.

ಬಿಳಿ ಸಫಾರಿಯವನು ಬೆನ್ನು ತಿರುಗಿಸಿ ನಿಂತು, ಟೈರ್ ಬೀದಿಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುತ್ತಿದ್ದ.

"ಅದನ್ನ ಹಾಕಿ ಏನು ಪ್ರಯೋಜನ?" ಎಂದರು ಇನ್ಸ್‌ಪೆಕ್ಟರಮ್ಮ. "ನಾನು ಈ ಕಡೆಯಿಂದ ಬಂದಿದೀನಿ."

ಅವನ ಮುಖದ ವಿನಯ ಇಳಿದುಹೋಯಿತು. ಬೇರೆ ಬೇರೆ ಸಂಸ್ಥೆ ಮೇಡಂ, ಬೇರೆ ಬೇರೆ ಲೈಸೆನ್ಸ್ ಎಂದು ತಡವರಿಸಿದ. ಮಧ್ಯದ ಗೋಡೆ ಎಲ್ಲಿ ಎಂದು ರೇಡಿಯೋ ಮುಗ್ಧವಾಗಿ ಕೇಳಿದರು. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಷಡ್ಡಕ ಎಂದಿತ್ತು. ಇನ್ಸ್‌ಪೆಕ್ಟರಮ್ಮನೇ ಎತ್ತಿ ಕಿವಿಗಿಟ್ಟರು.

"ಮೆಸೇಜ್ ಹಾಕಿ ಎಷ್ಟೊತ್ತಾಯ್ತು, ಉತ್ತರ ಕೊಡೋಕೇನು ರೋಗ? ಆ ಪೊಲೀಸ್ ಹೆಂಗಸು ನಿನ್ನ ಕಡೇಗೇ ಬರ್ತಿದಾಳೆ. ಟೈರ್ ಬೀದಿ ಬಾಗಿಲು ಹಾಕಿದ್ಯಾ ಇಲ್ವಾ?"

ಸೂಪರ್ ಮಾರ್ಕೆಟ್ಟಿನ ಮ್ಯಾನೇಜರನ ದನಿ. ಇಬ್ಬರೂ ಅಕ್ಕತಂಗಿಯರನ್ನು ಮದುವೆಯಾದವರು.

ಇನ್ಸ್‌ಪೆಕ್ಟರಮ್ಮ ಹತ್ತಿರದ ಕುರ್ಚಿಯೊಂದನ್ನು ಎಳೆದುಕೊಂಡು ಕೂತರು. ಕಾಲು ಸೋತಿತ್ತು, ಮನಸ್ಸೂ ಸೋತಿತ್ತು. ಕೂತಲ್ಲಿಂದಲೇ ಹೇಳಿದರು. ಗಂಡ ಫೋಟೋ ತಂದು ಕೊಟ್ಟಾಗ ನೀನು ಮಾರುಕಟ್ಟೆಯ ಪಟ್ಟಿಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಅವಳು ಅಷ್ಟು ಹುಷಾರಾಗಿ ಬಚ್ಚಿಟ್ಟುಕೊಂಡಿದ್ದಳು. ಆಮೇಲೆ ಕುರ್ಚಿ ತಿರುಗಿಸಿ ಈ ಕಡೆಯ ಮೇಜಿನಲ್ಲಿ ಹುಡುಕಿದೆ. ಇಲ್ಲಿ ಅವಳ ಗುರುತಿನ ಚೀಟಿ ಇತ್ತು, ಬಿಲ್ಲು ಇತ್ತು. ಬಿಲ್ಲಿನಲ್ಲಿ ಇದ್ದದ್ದನ್ನೇ ಬರೆದು ಕೊಟ್ಟೆ. ಆದರೆ ಆ ಬಿಲ್ಲಿನಲ್ಲಿರುವ ಮನೆಯಲ್ಲಿ ಅವಳು ಇಲ್ಲವೇ ಇಲ್ಲ. ಅವನು ಹೋಗಿ ಮೇಷ್ಟ್ರ ಬಾಗಿಲು ತಟ್ಟಿದ. ಮನೆ ನೋಡಿದವರು ಯಾರೂ ಅವನನ್ನು ಆ ಬಾಗಿಲಿಗೆ ಕಳಿಸುವುದಿಲ್ಲ. ಬಿಲ್ಲು ನೋಡಿದವರು ಮಾತ್ರ ಕಳಿಸುತ್ತಾರೆ. ಬಿಲ್ಲು ಹೋದದ್ದು ಇಲ್ಲಿಗೊಂದೇ.

"ಮತ್ತೆ ಅವರತ್ತೆ ಹೇಳಿದ್ರು ಅಂದ್ಯಲ್ಲ, ಅದು ನಿಂಗೆ ಹೇಗೆ ಗೊತ್ತಾಯ್ತು? ಅವನು ಅದನ್ನ ಹೇಳಿದ್ದು ನನ್ನ ಮುಂದೆ ಮಾತ್ರ."

ಏಜೆನ್ಸಿಯವನು ಹುಡುಗಿಯರ ಕಡೆ ಕಣ್ಣು ಕೆಕ್ಕರಿಸಿದ. ಉತ್ತರ ಕೊಟ್ಟಿದ್ದು ಬಾಗಿಲ ಪಕ್ಕದ ಹೆಡ್‌ಫೋನ್ ಹುಡುಗಿ. ಗಿರಾಕಿಗಳಿಗೆಲ್ಲ ಹಾಗೇ ಹೇಳಿಕೊಡುವುದು ಇಲ್ಲಿಯ ಪದ್ಧತಿ ಎಂದಳು. ಯಾರಾದರೂ ಕೇಳಿದರೆ ಮನೆಯವರೇ ಹೇಳಿದರು ಅನ್ನಿ, ಎಲ್ಲರೂ ನಂಬುತ್ತಾರೆ.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಏಜೆನ್ಸಿಯವನು ಬಾಯಿಬಿಟ್ಟ. ಬಿಟ್ಟಾಗ ಅವನ ದನಿಯಲ್ಲಿ ಒಂದಿಷ್ಟು ಕಸುಬಿನ ಹೆಮ್ಮೆಯೂ ಇತ್ತು.

"ಸುಮ್ಮನಿರೋರ ವಿಳಾಸ ಬೀದೀಲಿ ಬಿದ್ದಿರುತ್ತೆ ಮೇಡಂ, ಯಾರೂ ಮೂಸಿ ನೋಡಲ್ಲ. ಮಾರಬೇಡಿ ಅಂತಾರಲ್ಲ, ಅವರಿಗೇ ಗಿರಾಕಿ. ಅವರನ್ನ ಯಾರೋ ಹುಡುಕ್ತಿರ್ತಾರೆ."

ಹುಡುಗಿಯರು ಒಬ್ಬೊಬ್ಬರಾಗಿ ಹೆಡ್‌ಫೋನ್ ತೆಗೆದಿಟ್ಟರು. ಬಟನ್ ಅಕ್ಕನಂಥವರು ಆ ಮೇಜುಗಳ ಒಳಗೆ ಇನ್ನೆಷ್ಟು ಜನ ಇದ್ದಾರೋ ಎಂದು ಇನ್ಸ್‌ಪೆಕ್ಟರಮ್ಮ ಯೋಚಿಸಿದರು. ಎಲ್ಲ ಕಂಪ್ಯೂಟರುಗಳಿಗೂ ಸೀಲು ಹಾಕಿಸಿದರು.

* * *

ಮಾರನೆಯ ಬೆಳಿಗ್ಗೆ ಠಾಣೆಯಲ್ಲಿ ಷಡ್ಡಕರಿಬ್ಬರೂ ಎದುರುಬದುರು ಕೂತಿದ್ದರು. ತಪ್ಪು ನನ್ನದಲ್ಲ, ಅವನದು ಎಂದ ಮ್ಯಾನೇಜರ್. ಕಾಗದ ಕಳಿಸುತ್ತಿದ್ದವನೇ ಅವನು, ನನ್ನದೇನಿದೆ ಎಂದ ಏಜೆನ್ಸಿಯವನು. ಅಕ್ಕತಂಗಿಯರ ಹಳೆಯ ಒಡವೆ ಜಗಳದವರೆಗೂ ಹೋಯಿತು ಮಾತು. ಗಂಡ ಲಾಕಪ್ಪಿನೊಳಗಿಂದ, ಅವರೇ ಹೇಳಿಕೊಟ್ಟಿದ್ದು ಎಂದು ಕೂಗಿದ. ಎರಡು ತಾಸು ಇದನ್ನೇ ಕೇಳಿ ತಲೆ ಚಿಟ್ಟುಹಿಡಿದು ಇನ್ಸ್‌ಪೆಕ್ಟರಮ್ಮ ಆಸ್ಪತ್ರೆಗೆ ಹೊರಟರು. ಆಪರೇಷನ್ ಮಧ್ಯಾಹ್ನಕ್ಕಿತ್ತು.

ತಾಯಿ ಅದೇ ಬೆಂಚಿನ ಮೇಲಿದ್ದರು. ಇನ್ಸ್‌ಪೆಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದರು. ನಿಮ್ಮ ಬಾಯಿ ಜಾರಿಲ್ಲ ಅಮ್ಮ, ವಿಳಾಸ ಹೋಗಿದ್ದು 'ಮಾರಬೇಡಿ' ಅಂತ ಅವಳು ಕಳಿಸಿದ ಕಾಗದದಿಂದ ಎಂದರು. ಮುದುಕಿಗೆ ಖುಷಿಯಾಗಬಹುದು, ಅಳು ಬರಬಹುದು ಎಂದುಕೊಂಡಿದ್ದರು. ಎರಡೂ ಆಗಲಿಲ್ಲ. ಮುದುಕಿ ಗಾಬರಿಯಾಗಿ ಆಕೆಯ ಕೈ ಹಿಡಿದುಕೊಂಡರು.

"ಇದನ್ನ ಅವಳಿಗೆ ಹೇಳ್ಬೇಡಿ ತಾಯಿ. ನಾನೇ ಹೇಳಿದ್ದು ಅಂತಾನೇ ಇದ್ದುಬಿಡ್ಲಿ. ಕೈಯಾರೆ ತಾನೇ ಕೊಟ್ಟೆ ಅಂತ ಗೊತ್ತಾದ್ರೆ ಕೊರಗಿ ಕೊರಗಿ ಸಾಯ್ತಾಳೆ. ನನ್ನ ಮೇಲೆ ಸಿಟ್ಟಿದ್ರೆ ಇರ್ಲಿ, ಆ ಸಿಟ್ಟಿಗಾದ್ರೂ ಎದ್ದು ಕೂರ್ತಾಳೆ."

ಆದರೆ ಹೇಳಿಕೆಗೆ ಬಟನ್ ಅಕ್ಕನ ಸಹಿ ಬೇಕು. ಸಹಿ ಬೇಕಾದರೆ ಓದಿ ಹೇಳಬೇಕು. ಇನ್ಸ್‌ಪೆಕ್ಟರಮ್ಮ ಕೈ ಬಿಡಿಸಿಕೊಂಡು ಒಳಗೆ ಹೋದರು. ಹೇಗೆ ಶುರು ಮಾಡುವುದೆಂದು ಹುಡುಕುತ್ತಿರುವಾಗಲೇ ಬಟನ್ ಅಕ್ಕ ಮಾತು ತೆಗೆದಳು.

"ನೀವು ಬಿಲ್ಲಿನ ವಿಚಾರ ಕೇಳಿದಾಗ್ಲೇ ಗೊತ್ತಾಯ್ತು ಮೇಡಂ. ನಾನೇ ಕೊಟ್ಟಿದ್ದು."

"ಗೊತ್ತಿದ್ದೂ ಅಮ್ಮನ್ನ ಹೊರಗೇ ಕೂರಿಸಿದ್ಯಲ್ಲಮ್ಮ?"

"ಯಾವ ಮುಖ ಇಟ್ಕೊಂಡು ಕರೀಲಿ?"

ತಪ್ಪು ನಿನ್ನದಲ್ಲ, ಮಾರಬೇಡಿ ಅಂದಮೇಲೂ ಮಾರಿದರಲ್ಲ, ಅವರದು ಎಂದು ಇನ್ಸ್‌ಪೆಕ್ಟರಮ್ಮ ಗಟ್ಟಿಯಾಗಿಯೇ ಹೇಳಿದರು. ಅವಳಿಗೆ ಅದು ಇಳಿದಂತೆ ಕಾಣಲಿಲ್ಲ. ಇನ್ನು ತಾನು ಹೇಳಿ ಆಗುವುದು ಏನೂ ಇಲ್ಲವೆಂದು ಆಕೆ ಹೊರಗೆ ಬಂದು, ಒಳಗೆ ಹೋಗಿ ಎಂದು ತಾಯಿಗೆ ಹೇಳಿದರು.

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಹೋದವರೇ ಮಂಚದ ಕಂಬಿ ಹಿಡಿದು ನಿಂತು, ನಾನೇ ಕಣೇ ಹೇಳಿದ್ದು, ನನ್ನದೇ ತಪ್ಪು, ಬೈಯಿ ಎಂದರು. ಸುಳ್ಳು ಹೇಳ್ಬೇಡ, ನಾನು ಕೊಟ್ಟಿದ್ದು ಎಂದಳು ಮಗಳು. ನಿನಗೇನು ಗೊತ್ತು, ಫೋನಲ್ಲಿ ನಾನು ಏನೇನು ಅಂದೆನೋ ಎಂದು ತಾಯಿ ದನಿ ಏರಿಸಿದರು. ನೀನೇನೂ ಅಂದಿಲ್ಲ, ಸುಮ್ಮನಿರಮ್ಮ, ತಪ್ಪು ನಂದು ಎಂದು ಮಗಳೂ ಏರಿಸಿದಳು. ಪಕ್ಕದ ಮಂಚದವರು ತಲೆಯೆತ್ತಿ ನೋಡಿದರು. ನರ್ಸು ಓಡಿ ಬಂದಳು, ತಲೆಗೆ ಪೆಟ್ಟಾಗಿದೆ, ಜಗಳ ಆಡಬೇಡಿ ಎಂದಳು. ಇಬ್ಬರೂ ಅವಳ ಮಾತು ಕೇಳಿಸಿಕೊಳ್ಳಲಿಲ್ಲ. ತಾಯಿ ಬೈಯುತ್ತಲೇ ಮಗಳ ಹಣೆಯ ಮೇಲಿನ ಕೂದಲು ಸರಿಸಿದರು.

ಬೆಳಿಗ್ಗೆಯಿಂದ ನನ್ನದಲ್ಲ ನನ್ನದಲ್ಲ ಎಂಬುದನ್ನೇ ಕೇಳಿ ಬಂದಿದ್ದ ಇನ್ಸ್‌ಪೆಕ್ಟರಮ್ಮನಿಗೆ ಬಾಗಿಲಲ್ಲಿ ನಿಂತಲ್ಲೇ ಅಳು ಉಕ್ಕಿ ಬಂತು. ಸಹಿ ಹಾಕಿಸೋಣವಾ ಮೇಡಂ ಎಂದು ರೇಡಿಯೋ ಮೆಲ್ಲಗೆ ಕೇಳಿದರು.

"ಇರ್ಲಿ ರೇಡಿಯೋ. ಅವರ ಜಗಳ ಮುಗೀಲಿ."